ಶ್ರುತಿಪೆಟ್ಟಿಗೆಯವರ ಆಕ್ಷೇಪಣೆ

ಎಲೆಕ್ಟ್ರಾನಿಕ್ ಸಂಗೀತವೆಂಬುದು ಸಂಗೀತವೇ ಅಲ್ಲ, ಬರಿಯ ಗದ್ದಲ ಎಂಬ ಮಾತು ನಮ್ಮ ಬಳ್ಳಾರಿಯ ರಸಿಕವರ್ಗದಲ್ಲಿ ಶಾಸ್ತ್ರವಚನದಂತೆ ಸಲ್ಲುತ್ತಿದೆ. ತರುಣನೊಬ್ಬ ತಾನು ಕಂಪ್ಯೂಟರಿನಲ್ಲಿ ರಚಿಸಿದ ಕೃತಿಯೊಂದನ್ನು ಕೇಳಿಸಲು ಒಂದು ಸಂಜೆಯ ಮಟ್ಟಿಗೆ ಸಭಾಂಗಣ ಬೇಡಿದಾಗ, ಆ ಸಂಸ್ಥೆಯ ಹಿರಿಯರು ಇದೇ ಮಾತನ್ನು ಹೇಳಿ ಕಳಿಸಿದರು. ಅವರ ಹೆಸರು ಇಲ್ಲಿ ಬೇಡ. ಅದೇ ವಾರ ಅದೇ ವೇದಿಕೆಯ ಮೇಲೆ ಗಾಯನ ಕಚೇರಿ ನಡೆಯಿತು. ಗಾಯಕರ ಹಿಂದೆ ಶ್ರುತಿ ಹಿಡಿದದ್ದು ತಂಬೂರಿಯಲ್ಲ. ದಪ್ಪ ಪುಸ್ತಕದಷ್ಟು ಗಾತ್ರದ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಪೆಟ್ಟಿಗೆ. ಆಗ ಯಾರ ಕಿವಿಗೂ ಗದ್ದಲ ಬೀಳಲಿಲ್ಲ.

ಈ ಪೆಟ್ಟಿಗೆಯ ವಂಶಾವಳಿ ದೂರದ್ದೇನೂ ಅಲ್ಲ. ಬೆಂಗಳೂರಿನಲ್ಲಿ ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ತಯಾರಿಸಿದರು. ಅವರ ರಾಡೆಲ್ ಸಂಸ್ಥೆ ಮುಂದೆ ತಂಬೂರಿ, ತಬಲ, ವೀಣೆಗಳಿಗೂ ವಿದ್ಯುತ್ತಿನ ರೂಪ ಕೊಟ್ಟಿತು. ಅಂದಮೇಲೆ ವಿದ್ಯುತ್ತಿಗೆ ಷಡ್ಜ ಹಿಡಿಯುವ ಅಧಿಕಾರವುಂಟು, ಸ್ವಂತ ಮಾತಾಡುವ ಅಧಿಕಾರವಿಲ್ಲ ಎಂದಾಯಿತು! ದುಡಿಯಲು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದು, ಪಂಕ್ತಿಯಲ್ಲಿ ಮಾತ್ರ ಎಲೆ ಹಾಕುವುದಿಲ್ಲ ಎನ್ನುವ ನ್ಯಾಯ ಇದು. ಇದು ಹೊಸ ನ್ಯಾಯವೂ ಅಲ್ಲ. 1940ರಲ್ಲಿ ರೇಡಿಯೊ ಹಾರ್ಮೋನಿಯಮ್ಮನ್ನು ಹೊರಗೆ ಹಾಕಿತು. 1971ರವರೆಗೆ ಅದಕ್ಕೆ ಬಾಗಿಲು ತೆರೆಯಲಿಲ್ಲ. ಆ ಮೂವತ್ತು ವರ್ಷವೂ ನಮ್ಮ ಸೀಮೆಯ ನಾಟಕ ಬಯಲಾಟಗಳು ಅದೇ ಪೇಟಿಯ ಮೇಲೆ ರಾತ್ರಿಗಳನ್ನು ಬೆಳಗು ಮಾಡಿದವು.

ಆಕ್ಷೇಪಿಸುವವರಲ್ಲಿ ಕೆಲವರು ಪ್ರಾಮಾಣಿಕರು. ಇದರಲ್ಲಿ ರಾಗವಿಲ್ಲ, ತಾಳವಿಲ್ಲ, ಕಿವಿ ಯಾವುದನ್ನು ಹಿಡಿದು ನಿಲ್ಲಬೇಕು ಎಂದು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಹತ್ತರಲ್ಲಿ ಎಂಟು ಕೃತಿಗಳು ನನಗೂ ಬೇಸರ ತರಿಸಿವೆ. ಆದರೆ ತಂಬೂರಿಯ ಕುದುರೆಯ ಮೇಲೆ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸಿ ಝೇಂಕಾರ ಬರಿಸುವವನು ಏನು ಮಾಡುತ್ತಾನೆ? ಸ್ವರವನ್ನು ಅವನು ಬದಲಿಸುವುದಿಲ್ಲ; ಸ್ವರದ ಒಳಗನ್ನು ಬಿಡಿಸಿ ತೋರಿಸುತ್ತಾನೆ. ಈ ಹುಡುಗರು ಅದೊಂದನ್ನೇ ವಿಷಯವಾಗಿ ಹಿಡಿದಿದ್ದಾರೆ, ಅಷ್ಟೆ. 1948ರಲ್ಲಿ ಪ್ಯಾರಿಸಿನ ಪಿಯರ್ ಶೇಫರ್ ರೈಲುಗಾಡಿಗಳ ಸದ್ದನ್ನು ಮುದ್ರಿಸಿಕೊಂಡು, ಕತ್ತರಿಸಿ ಜೋಡಿಸಿ ಕೃತಿ ಮಾಡಿದ. ತೋರಣಗಲ್ಲಿನ ಅದಿರುಗಾಡಿಗಳ ಸದ್ದಿನಲ್ಲಿ ಮಲಗಿ ಏಳುವ ನಾವು ಅದನ್ನು ಕೇಳಿ ನಗಬೇಕಾಗಿಲ್ಲ.

ಇದು ಪರದೇಶದ ಹುಚ್ಚು ಎನ್ನುವವರಿಗೆ ಎರಡು ಮಾತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಯಂತ್ರವಿಟ್ಟು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ನಡೆಯಿತು. ಅದನ್ನು ಕಟ್ಟಲು ಅಮೆರಿಕದಿಂದ ಡೇವಿಡ್ ಟ್ಯೂಡರ್ ಬಂದಿದ್ದ. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಅಲ್ಲಿ ಕೆಲಸಮಾಡಿದರು. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಆ ಟೇಪುಗಳು ಅಲ್ಲೇ ಉಳಿದಿದ್ದವು; 2017ರಲ್ಲಿ ಅವು ಪಾಲ್ ಪರ್ಗಸ್ ಎಂಬ ಇಂಗ್ಲೆಂಡಿನ ಸಂಗೀತಗಾರನ ಕಣ್ಣಿಗೆ ಬಿದ್ದು, 2023ರಲ್ಲಿ ಪ್ರಕಟವಾದವು. ನಮ್ಮದನ್ನು ನಾವು ಐವತ್ತು ವರ್ಷ ತಡವಾಗಿ, ಲಂಡನ್ನಿನಿಂದ ಕೊಂಡು ಕೇಳಿದೆವು.

ಎರಡನೆಯದು ಇನ್ನೂ ಹತ್ತಿರದ್ದು. ಊರ ಮಗ್ಗುಲಿನ ಸಂಗನಕಲ್ಲು, ಕಪ್ಪಗಲ್ಲು ಗುಡ್ಡದ ಬಂಡೆಗಳಲ್ಲಿ ಬಟ್ಟಲಿನಂಥ ತಗ್ಗುಗಳಿವೆ; ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನುಡಿಯುತ್ತವೆ. ಹ್ಯೂಬರ್ಟ್ ನಾಕ್ಸ್ ಎಂಬಾತ 1892ರಲ್ಲಿ ಈ ಗುಡ್ಡದ ಚಿತ್ರಗಳನ್ನು ಗುರುತಿಸಿದ. 2004ರಲ್ಲಿ ನಿಕೋಲ್ ಬೊವಿನ್ ಪ್ರಕಟಿಸಿದ ಸಂಶೋಧನೆ ಈ ನುಡಿಯುವ ಕಲ್ಲುಗಳನ್ನು ನವಶಿಲಾಯುಗದ ಜನರ ಬದುಕಿಗೆ ಸೇರಿಸಿ ನೋಡಿತು. ಕಲ್ಲುಗಣಿಯಿಂದ ಅವಕ್ಕೆ ಒದಗಿದ ಅಪಾಯವನ್ನೂ ಹೇಳಿತು. ಯಾವ ರಾಗ ಹಿಡಿದು ಬಡಿದರು ಎಂದು ಆ ಪೂರ್ವಿಕರನ್ನು ಕೇಳುವವರುಂಟೆ? ಕಲ್ಲಿನೊಳಗೊಂದು ಸದ್ದಿದೆ ಎಂದು ತಿಳಿದು, ಅದನ್ನು ಹೊರಗೆ ತೆಗೆದರು. ನಮ್ಮೂರಿನ ಅತ್ಯಂತ ಹಳೆಯ ಸಂಗೀತ ಇದೇ ಜಾತಿಯದು.

ಇನ್ನು ಎದುರು ಪಕ್ಷದವರಿಗೂ ನನ್ನದೊಂದು ತಕರಾರಿದೆ. ಸಭಾಂಗಣ ಯಾರಿಗೆ ಬೇಕು, ಅಂತರ್ಜಾಲವಿದೆ ಎನ್ನುತ್ತಾರೆ ತರುಣರು. ನಿಜ, ಸೂಪರ್ ಕೊಲೈಡರ್, ಪ್ಯೂರ್ ಡೇಟಾಗಳಂಥ ಉಪಕರಣಗಳು ಬಿಟ್ಟಿ ಸಿಗುತ್ತವೆ. ಸಿರುಗುಪ್ಪದ ಅಕ್ಕಿಗಿರಣಿಯ ಸದ್ದನ್ನು ಮೊಬೈಲಿನಲ್ಲಿ ಹಿಡಿದು ರಾತ್ರಿ ಹೆಣೆದರೆ ಬೆಳಗಾಗುವುದರೊಳಗೆ ಬರ್ಲಿನ್ನಿನಲ್ಲಿ ಕೇಳಬಹುದು. ಆದರೆ ಅದು ಪರರ ಜಗಲಿ. ಮೈಸ್ಪೇಸ್ 2015ರವರೆಗೆ ಜನ ಸೇರಿಸಿದ ಹಾಡುಗಳೆಲ್ಲ ಕಳೆದುಹೋದವೆಂದು 2019ರಲ್ಲಿ ಒಪ್ಪಿಕೊಂಡಿತು. ಸ್ವತಂತ್ರರ ಆಶ್ರಯವೆನಿಸಿದ್ದ ಬ್ಯಾಂಡ್‌ಕ್ಯಾಂಪ್ 2022ರಲ್ಲಿ ಆಟದ ಕಂಪನಿಯೊಂದಕ್ಕೆ ಮಾರಾಟವಾಯಿತು, ಮರುವರ್ಷ ಮತ್ತೊಬ್ಬರಿಗೆ. ನೌಕರರಲ್ಲಿ ಅರ್ಧದಷ್ಟು ಜನ ಬೀದಿಗೆ ಬಿದ್ದರು. ವರ್ಷಕ್ಕೆ ಸಾವಿರ ಸಲವಾದರೂ ಕೇಳದ ಹಾಡಿಗೆ ಕಾಸಿಲ್ಲವೆಂದು ಸ್ಪಾಟಿಫೈ 2024ರಿಂದ ನಿಯಮ ಮಾಡಿದೆ. ಪ್ರಯೋಗಶೀಲ ಸಂಗೀತಕ್ಕೆ ಸಾವಿರ ಶ್ರೋತೃಗಳೆಂದರೆ ಜಾತ್ರೆ! ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಗಳನ್ನು ನಿಲ್ಲಿಸಿದ್ದರಿಂದ, ಅದರ ಮೂಲಕವೇ ಹಣ ಪಡೆಯುವ ಬಳ್ಳಾರಿಯ ಹುಡುಗನಿಗೆ ಜರ್ಮನಿಯವನು ಹಣ ಕಳಿಸಬಲ್ಲ, ಕುರುಗೋಡಿನವನು ಕಳಿಸಲಾರ.

ಇಷ್ಟಾದರೂ ನಮ್ಮ ತರುಣರಿಗೆ ಹೊರಗಿನವರ ಮೇಲೇ ನಂಬಿಕೆ. ಕೆಲವರ ಕೃತಿಗಳನ್ನು ಕೇಳಿದರೆ ಊರು ಬರ್ಲಿನ್ನೋ ಬಳ್ಳಾರಿಯೋ ತಿಳಿಯದು. ಜೀನ್ಸ್ ಹೊಲಿಯುವ ಓಣಿಯಲ್ಲಿ ಮಧ್ಯಾಹ್ನ ನಿಂತು ಕೇಳಲಿ. ನೂರಾರು ಯಂತ್ರಗಳು ಒಂದು ಲಯಕ್ಕೆ ಬಂದು, ಕೂಡಲೇ ಚದರುವುದು ಯಾವ ಸಾಫ್ಟ್‌ವೇರಿನಲ್ಲೂ ಸಿಗುವಂಥದಲ್ಲ.

ಹಿರಿಯರಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ತಿಂಗಳಿಗೊಂದು ಸಂಜೆ ಸಭಾಂಗಣ ಕೊಡಲಿ, ಬಾಡಿಗೆ ಬೇಕಾದರೆ ತೆಗೆದುಕೊಳ್ಳಲಿ. ಈ ಹುಡುಗರ ಧ್ವನಿಮುದ್ರಣಗಳ ಒಂದು ಪ್ರತಿ, ರಚಿಸಿದವರ ಹೆಸರು ಮತ್ತು ಇಸವಿಯ ಸಮೇತ, ಊರಿನ ಗ್ರಂಥಾಲಯದ ಒಂದು ಕಪಾಟಿನಲ್ಲಿರಲಿ. ಎರಡು ಹಾರ್ಡ್ ಡಿಸ್ಕುಗಳು ಸಾಕು: ಒಂದು ಕೆಟ್ಟರೆ ಇನ್ನೊಂದು.