ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಗಾದೆ ಅಜ್ಜಂದಿರ ಕಾಲದ್ದು. ಆದರೆ 2023ರಲ್ಲಿ ನಮ್ಮ ಕೇರಳದಲ್ಲಿಯೇ ಅದು ನಿಜವಾಯಿತು. ಕೊಚ್ಚಿಯ ಕೇರಳ ಬ್ಲಾಸ್ಟರ್ಸ್ ಕ್ಲಬ್ಬು ತನ್ನ ಹೆಂಗಸರ ಫುಟ್‌ಬಾಲ್ ತಂಡವನ್ನು ನಿಲ್ಲಿಸಿದ ವಿಷಯ ನಾನು ಹೇಳುವುದು. ನಮ್ಮೂರಿನ ಹುಡುಗರಿಗೆ ಆ ಕ್ಲಬ್ಬಿನ ಹಳದಿ ಬನಿಯನು ಅಂದರೆ ಪ್ರಾಣ. ಅವರಿಗೆ ಸಿಟ್ಟು ಬಂದರೆ ಬರಲಿ, ಹೇಳುವುದನ್ನು ಹೇಳಲೇಬೇಕು.

ನಡೆದದ್ದು ಇಷ್ಟು. ಆ ವರ್ಷ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಗಂಡಸರ ಪಂದ್ಯ. ಎದುರಿನವರು ತಯಾರಾಗುವ ಮೊದಲೇ ಬೆಂಗಳೂರಿನ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಬ್ಲಾಸ್ಟರ್ಸ್ ಕೋಚ್ ಸಿಟ್ಟಿನಲ್ಲಿ ತನ್ನ ಆಟಗಾರರನ್ನು ಹೊರಗೆ ಕರೆದರು. ಆಟ ಅರ್ಧಕ್ಕೇ ನಿಂತಿತು. ಆ ಗೋಲು ಸರಿಯೋ ತಪ್ಪೋ ಎಂಬ ಚರ್ಚೆ ಚಾ ಅಂಗಡಿಯಲ್ಲಿ ಈಗಲೂ ಉಂಟು, ನನಗೆ ಅದು ಬೇಡ. ಆಟ ಬಿಟ್ಟು ಹೋದದ್ದಕ್ಕೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 4 ಕೋಟಿ ರೂಪಾಯಿ ದಂಡ ಹಾಕಿತು. ಜೂನ್‌ನಲ್ಲಿ ಕ್ಲಬ್ಬಿನವರು ದಂಡದ ಹೊರೆಯ ಕಾರಣ ಕೊಟ್ಟು, ಹೆಂಗಸರ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತೇವೆ ಎಂದರು. ಆ ತಂಡ ಕಟ್ಟಿ ಒಂದು ವರ್ಷವೂ ತುಂಬಿರಲಿಲ್ಲ.

ಕಂಠೀರವದಲ್ಲಿ ಆ ರಾತ್ರಿ ಒಬ್ಬಳಾದರೂ ಹೆಣ್ಣುಮಗಳು ಆಟ ಬಿಟ್ಟು ಹೋಗಿದ್ದಳಾ? ಮತ್ತೆ ದಂಡ ಕಟ್ಟಿದ್ದು ಯಾರು ಮಾರಾಯ್ರೇ? ಭಾರತದ ಗೋಲ್‌ಕೀಪರ್ ಅದಿತಿ ಚೌಹಾನ್ ಇದನ್ನೇ ಎಲ್ಲರೆದುರು ಕೇಳಿದರು.

ಕೆಲವರು ಹೇಳುತ್ತಾರೆ, ಹೆಂಗಸರ ಆಟದಿಂದ ಆದಾಯ ಇಲ್ಲ, ಕ್ಲಬ್ಬಿನವರು ಎಂತ ಮಾಡುವುದು ಅಂತ. ನಾನು ಕೃಷಿಕ, ಕೃಷಿಯ ಲೆಕ್ಕದಲ್ಲೇ ಹೇಳುತ್ತೇನೆ. ಹಳೆ ತೋಟಕ್ಕೆ ಕೊಳೆರೋಗ ಬಂದು ನಷ್ಟವಾಯಿತೆಂದು ಹೋದ ವರ್ಷ ನೆಟ್ಟ ಅಡಿಕೆ ಸಸಿಯನ್ನು ಯಾರಾದರೂ ಕೀಳುತ್ತಾರಾ? ಫಸಲಿಗೆ ಐದಾರು ವರ್ಷ ಬೇಕು. ಅಷ್ಟು ಕಾಲ ನೀರು ಹಾಕುತ್ತೇವೆ, ತೆಂಗಿನ ಮಡಲು ಕಟ್ಟಿ ಬಿಸಿಲು ತಡೆಯುತ್ತೇವೆ. ಆಮೇಲೆ ಫಸಲು ಕೇಳುತ್ತೇವೆ.

ಕಾದವರಿಗೆ ಫಸಲು ಬಂದದ್ದೂ ನಮ್ಮ ಕೇರಳದಲ್ಲೇ. ಕೋಝಿಕ್ಕೋಡಿನ ಗೋಕುಲಂ ಕ್ಲಬ್ಬಿನ ಹೆಂಗಸರು 2020ರಲ್ಲಿ ಬೆಂಗಳೂರಿನಲ್ಲಿ ಮಣಿಪುರದ ತಂಡವನ್ನು 3-2ರಲ್ಲಿ ಸೋಲಿಸಿ ರಾಷ್ಟ್ರೀಯ ಲೀಗ್ ಗೆದ್ದರು. 2022ರಲ್ಲಿ ಮತ್ತೆ ಗೆದ್ದರು. 2023ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಕರ್ನಾಟಕದ ಕಿಕ್‌ಸ್ಟಾರ್ಟ್ ತಂಡಕ್ಕೆ 5-0 ಹೊಡೆದು ಮೂರನೆಯ ಸಲ ಕಪ್ಪು ತಂದರು. ಅಲ್ಲಿ ಆಡಿದ ಪಂಜಾಬಿನ ಮನೀಷಾ ಕಲ್ಯಾಣ್ ಸೈಪ್ರಸ್ಸಿಗೆ ಹೋಗಿ, ಯುರೋಪಿನ ಚಾಂಪಿಯನ್ಸ್ ಲೀಗಿನಲ್ಲಿ ಆಡಿದ ಮೊದಲ ಭಾರತೀಯಳಾದಳು. ನೇಪಾಳದ ಸಬಿತ್ರಾ ಭಂಡಾರಿ ಆಮೇಲೆ ಫ್ರಾನ್ಸಿನಲ್ಲಿ ಆಡಿದಳು.

ಅಂಥ ಗೋಕುಲಂ ತಂಡಕ್ಕೂ ಬರೆ ತಪ್ಪಲಿಲ್ಲ. 2022ರ ಆಗಸ್ಟಿನಲ್ಲಿ ಏಷ್ಯಾದ ಕ್ಲಬ್ ಪಂದ್ಯಾಟಕ್ಕೆಂದು ಅವರು ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಹೋಗಿದ್ದರು. ಫೆಡರೇಶನಿನ ಆಡಳಿತದಲ್ಲಿ ಹೊರಗಿನವರ ಕೈ ಉಂಟೆಂದು ಅದೇ ಹೊತ್ತಿಗೆ ಫೀಫಾ ಭಾರತವನ್ನೇ ಅಮಾನತು ಮಾಡಿತು. ಹನ್ನೊಂದೇ ದಿನದಲ್ಲಿ ಅಮಾನತು ತೆಗೆದರು. ಎಂತ ಪ್ರಯೋಜನ? ಕುರ್ಚಿಯ ಜಗಳ ದೊಡ್ಡವರದ್ದು, ಚೆಂಡು ಮುಟ್ಟದೆ ವಾಪಸು ಬಂದದ್ದು ಹೆಣ್ಣುಮಕ್ಕಳು.

ದೂರದ ಕ್ಲಬ್ಬುಗಳನ್ನು ಬೈದು ಮುಗಿಸಿದರೆ ಸಾಲದು. ನನಗೆ ಪಾಡ್ದನ ಕಲಿಸಿದ್ದು ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಹೆಂಗಸರು. ಮೈಕು ಬಂದ ಮೇಲೆ ವೇದಿಕೆ, ಶಾಲು, ಹಾರ ಎಲ್ಲ ಸಿಕ್ಕಿದ್ದು ಗಂಡಸರಿಗೆ. ನಮ್ಮ ಕಡೆಯ ಸೆವೆನ್ಸ್ ಪಂದ್ಯಾಟದಲ್ಲಿಯೂ ಲೈಟಿಗೆ ಹಣ ಸಾಲದಿದ್ದರೆ ಪಟ್ಟಿಯಿಂದ ಮೊದಲು ಹೋಗುವುದು ಹುಡುಗಿಯರ ಆಟವೇ. ಹುಡುಗರು ಗಲಾಟೆ ಮಾಡಿ ಆಟ ನಿಂತರೂ ಮರುವರ್ಷ ಹುಡುಗರ ಕಪ್ಪಿಗೆ ಚಂದಾ ಎತ್ತುತ್ತಾರೆ.

ಆದ್ದರಿಂದ ನನ್ನ ಮಾತು ಎರಡೇ. ತಪ್ಪು ಮಾಡಿದ ತಂಡದ ಖರ್ಚಿನಿಂದಲೇ ದಂಡ ಕಟ್ಟಲಿ, ಹೆಣ್ಣುಮಕ್ಕಳ ಪಾಲಿಗೆ ಕೈ ಹಾಕುವುದು ಬೇಡ. ಮತ್ತೆ ಶಾಲೆಯ ಮಾಷ್ಟ್ರುಗಳೇ, ಟೀಚರ್‌ಗಳೇ, ವಾರಕ್ಕೆ ಎರಡು ಸಂಜೆ ಮೈದಾನವನ್ನು ಹುಡುಗಿಯರಿಗೇ ಬಿಡಿಸಿ ಕೊಡಿ. ಏಳನೇ ಕ್ಲಾಸು ದಾಟಿದ ಕೂಡಲೇ ಅವರ ಕೈಯಿಂದ ಚೆಂಡು ಕಿತ್ತುಕೊಳ್ಳಬೇಡಿ. ಚೆಂಡಿಗೆ ಹಣ ಸಾಲದಿದ್ದರೆ ಹೇಳಿ, ಒಂದು ರಾತ್ರಿ ಹಾಡಿ ಚಂದಾ ಎತ್ತುವ ಕೆಲಸ ನನ್ನದು.