ಹಿಂದೆ ಮೂಡುವ ಹಲ್ಲು

ಕಳೆದ ತಿಂಗಳು ಇಳಕಲ್ಲಿನಲ್ಲಿ ನಮ್ಮ ನೆರೆಮನೆಯ ಸೊಸೆಯು ತನ್ನ ಆರು ವರ್ಷದ ಮಗಳನ್ನು ಕರೆತಂದು, “ಮಾಸ್ತರ್ರ, ಹಲ್ಲಿನ ಹಿಂದ ಹಲ್ಲು ಮೂಡ್ಯಾವ. ಇದು ಕೇಡಿನ ಗುರುತೇನ್ರಿ?” ಎಂದು ಕಣ್ಣಲ್ಲಿ ನೀರು ತಂದಳು. ಅಂದು ಸಂಜೆಯೇ ಹಾಲುಹಲ್ಲಿಗೆ ದಾರ ಕಟ್ಟಿ ಕೀಳಬೇಕೆಂದು ಮನೆಯ ಹಿರಿಯರು ನಿಶ್ಚಯಿಸಿದ್ದರಂತೆ. ಹುಡುಗಿಯ ಬಾಯಿ ತೆರೆಯಿಸಿ ನೋಡಲು, ಕೆಳದವಡೆಯ ಮುಂದಿನ ಎರಡು ಹಾಲುಹಲ್ಲುಗಳು ಇನ್ನೂ ನಿಂತೇ ಇದ್ದವು. ಅವುಗಳ ಬೆನ್ನಿಗೆ, ನಾಲಗೆಯ ಕಡೆಗೆ, ಎರಡು ಹೊಸ ಹಲ್ಲುಗಳು ತಲೆದೋರಿದ್ದವು. ಇಂತಹ ಅಂಜಿಕೆಯು ಅನೇಕ ಮನೆಗಳಲ್ಲಿ ಉಂಟಾಗುವದರಿಂದ ಈ ಸಲ ಇದೇ ವಿಷಯವನ್ನು ವಾಚಕರ ಮುಂದಿಡುತ್ತೇವೆ.

ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ವೆಂಬ ಹೆಸರುಂಟು, ಎರಡು ಸಲ ಹುಟ್ಟುವದರಿಂದ ಈ ಹೆಸರು. ಹೊಸ ಹಲ್ಲು ದವಡೆಯೊಳಗಿನಿಂದ ಏರಿಬರುತ್ತಿರಲು ಹಾಲುಹಲ್ಲಿನ ಬೇರು ಮೆಲ್ಲಮೆಲ್ಲನೆ ಕರಗುವದು; ಬೇರು ಕರಗಿದ ಹಲ್ಲು ಅಲುಗಾಡಿ ಬೀಳುವದು. ಆದರೆ ಮುಂದಿನ ಹೊಸ ಹಲ್ಲುಗಳ ಮೊಳಕೆಯು ಹಾಲುಹಲ್ಲಿನ ಬೇರಿಗೆ ಹಿಂಬದಿಯಲ್ಲಿ ಇರುವದು. ಆದಕಾರಣ ಬೇರು ಕರಗುವದು ತಡವಾದರೆ ಹೊಸದು ಕಾಯದೆ ಹಿಂದಿನಿಂದಲೇ ಹೊರಬೀಳುವದು. ಇದು ಅಪಶಕುನವಲ್ಲ, ರೋಗವೂ ಅಲ್ಲ. ಹಳೆಯದು ಬಿದ್ದು ಸ್ಥಳ ತೆರವಾದ ಬಳಿಕ, ನಾಲಗೆಯ ಒತ್ತಿನಿಂದ ಹೊಸ ಹಲ್ಲು ಬಹುಮಟ್ಟಿಗೆ ತಾನಾಗಿಯೇ ಮುಂದೆ ಸರಿಯುವದು. ಹೊಸ ಹಲ್ಲು ತುಸು ಹಳದಿಯಾಗಿ, ಅದರ ಅಂಚು ಗರಗಸದಂತೆ ಕಂಡರೂ ಹೆದರಬೇಕಾಗಿಲ್ಲ.

ಹಾಲುಹಲ್ಲು ಅಲುಗುತ್ತಿದ್ದರೆ ಮಗುವೇ ಅದನ್ನು ನಾಲಗೆಯಿಂದಲೂ ತೊಳೆದ ಬೆರಳಿನಿಂದಲೂ ಅಲುಗಿಸಲಿ. ಗಜ್ಜರಿ, ಖಡಕ್ ರೊಟ್ಟಿ ಕಡಿಯಲಿ. ದಾರದ ಅವಸರ ಬೇಡ. ಎರಡು ಮೂರು ತಿಂಗಳು ಕಳೆದರೂ ಹಳೆಯದು ಬೀಳದಿದ್ದರೆ, ಇಲ್ಲವೆ ಮೇಲ್ದವಡೆಯಲ್ಲಿ ಹೀಗಾಗಿದ್ದರೆ, ದಂತವೈದ್ಯರಿಗೆ ತೋರಿಸತಕ್ಕದ್ದು. ಬಾಗಲಕೋಟೆಯಲ್ಲಿಯೇ ಪಿ. ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯ ಮತ್ತು ಆಸ್ಪತ್ರೆ ಇರುವದರಿಂದ ನಮ್ಮ ಸೀಮೆಯವರು ದೂರ ಅಲೆಯಬೇಕಾಗಿಲ್ಲ.

ಆದರೆ ಆ ಹುಡುಗಿಯ ಬಾಯಲ್ಲಿ ಯಾರ ಲಕ್ಷ್ಯಕ್ಕೂ ಬಾರದಿದ್ದ ಇನ್ನೊಂದನ್ನು ನಾವು ಕಂಡೆವು. ಎಲ್ಲಕ್ಕೂ ಹಿಂದೆ, ಕೊನೆಯ ಹಾಲುಹಲ್ಲಿನ ಆಚೆಗೆ, ಒಂದು ದೊಡ್ಡ ದವಡೆಹಲ್ಲು ಸದ್ದಿಲ್ಲದೆ ಮೂಡುತ್ತಿತ್ತು. ಇದಕ್ಕಾಗಿ ಯಾವ ಹಲ್ಲೂ ಬೀಳುವದಿಲ್ಲ. ಆದ್ದರಿಂದಲೇ ಮನೆಯವರು ಇದನ್ನೂ ಹಾಲುಹಲ್ಲೆಂದೇ ತಿಳಿಯುವರು. ಕಾಶ್ಯಪಸಂಹಿತೆಯ ದಂತಜನ್ಮಿಕಾಧ್ಯಾಯದಲ್ಲಿ, 32 ಹಲ್ಲುಗಳಲ್ಲಿ 8 ಒಂದೇ ಸಲ ಹುಟ್ಟತಕ್ಕವೆಂದೂ ಮಿಕ್ಕವು ದ್ವಿಜಗಳೆಂದೂ ಹೇಳಿದೆ. ಇಂದಿನ ವೈದ್ಯಶಾಸ್ತ್ರವು ಏಕಜನ್ಮದವು 12 ಎಂದು ಎಣಿಸುತ್ತದೆ: ಆರನೆಯ ವರ್ಷದ ಸುಮಾರಿಗೆ ನಾಲ್ಕು, ಹನ್ನೆರಡರ ಸುಮಾರಿಗೆ ನಾಲ್ಕು, ಹದಿನೇಳರ ಮೇಲೆ ನಾಲ್ಕು. ಉಳಿದ 20ಕ್ಕೆ ಮಾತ್ರ ಪೂರ್ವಜನ್ಮವುಂಟು.

ನಮ್ಮ ಮಗನಿಗೆ ಒಂಬತ್ತು ವರ್ಷವಾಗಿದ್ದಾಗ ಇಂತಹದೇ ಹಲ್ಲು ಕಪ್ಪಾಯಿತು. “ಹಾಲುಹಲ್ಲು, ಬಿದ್ದು ಬೇರೆ ಬರುತ್ತದೆ” ಎಂದು ನಾವು ಸುಮ್ಮನಿದ್ದೆವು. ಬೇನೆ ಎದ್ದು, ಕಡೆಗೆ ಅದನ್ನು ಕೀಳಿಸಬೇಕಾಯಿತು. ಬೇರೆಯದು ಬರಲಿಲ್ಲ. ದ್ವಿಜಶಬ್ದದ ಅರ್ಥವನ್ನು ವರುಷವರುಷವೂ ಹುಡುಗರಿಂದ ಬಾಯಿಪಾಠ ಮಾಡಿಸಿದ ನಾವು, ಮಗನ ಬಾಯಲ್ಲಿದ್ದ ಏಕಜನ್ಮದ ಹಲ್ಲನ್ನು ಗುರುತಿಸದೆ ಹೋದೆವು. ಇಂದಿಗೂ ಅವನು ಒಂದೇ ಮಗ್ಗುಲಿನಿಂದ ರೊಟ್ಟಿ ಅಗಿಯುವದನ್ನು ಕಂಡಾಗ ನಮ್ಮ ತುತ್ತು ಗಂಟಲಲ್ಲಿ ನಿಲ್ಲುತ್ತದೆ.

ಆದುದರಿಂದ ತಾಯ್ತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಮಗುವಿಗೆ ಆರು ತುಂಬುತ್ತಲೇ ಬೆಳಕು ಹಿಡಿದು ಬಾಯ ಕೊನೆಯವರೆಗೂ ನೋಡಿರಿ. ಆ ಹಲ್ಲಿನ ಮೇಲ್ಮೈಯ ಆಳವಾದ ಗೆರೆಗಳಲ್ಲಿ ಅನ್ನ, ಬೆಲ್ಲ ಸಿಕ್ಕಿಕೊಂಡು ಬೇಗನೆ ಹುಳುಕಾಗುವದು. ದಿನಕ್ಕೆರಡು ಸಲ ಅಲ್ಲಿಯವರೆಗೂ ಬ್ರಷ್ ಮುಟ್ಟಲಿ. ಕಪ್ಪು ಚುಕ್ಕೆ ಕಂಡರೆ ಬೇನೆಯ ದಾರಿ ಕಾಯಬೇಡಿರಿ.

ನೆರೆಮನೆಯ ಹುಡುಗಿಯ ಒಂದು ಹಾಲುಹಲ್ಲು ಮೊನ್ನೆ ರೊಟ್ಟಿ ಕಡಿಯುವಾಗ ತಾನೇ ಬಿದ್ದಿತು. ಅದನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆದರು. ಆ ಆಚಾರ ನಡೆಯಲಿ. ಅಂದಿನಿಂದ ಅವಳ ತಾಯಿ ರಾತ್ರಿ ಮಲಗುವ ಮುಂಚೆ ಮಗಳ ಹಿಂದಿನ ಹಲ್ಲನ್ನು ತಾನೇ ತಿಕ್ಕುತ್ತಿರುವಳೆಂದು ಕೇಳಿ ನಮಗೆ ಸಮಾಧಾನವಾಯಿತು.