ಥರ್ಮೋಕೋಲಿನ ಸ್ಟೇಷನ್

ಶಾಲಾ ವಸ್ತುಪ್ರದರ್ಶನಗಳಲ್ಲಿ ಅಂಗಡಿಯಿಂದ ತಂದಿಟ್ಟ ಮಾದರಿಗೆ ಬಹುಮಾನ ಕೊಡುವುದನ್ನು ಇನ್ನಾದರೂ ನಿಲ್ಲಿಸಬೇಕು. ಮೀಟಿಂಗಿನಲ್ಲಿ ಈ ಮಾತೆತ್ತಿದರೆ "ಸಮಾಜ ಟೀಚರಿಗೆ ಮಾದರಿಗಳ ಗೊಡವೆ ಯಾಕೆ?" ಎಂದು ನಗುತ್ತಾರೆ. ನಾನು ಭೂಪಟದ ಅಳತೆಪಟ್ಟಿ ಕಲಿಸುವವಳು. ದೊಡ್ಡದನ್ನು ಲೆಕ್ಕ ತಪ್ಪದೆ ಚಿಕ್ಕದು ಮಾಡುವುದೇ ನನ್ನ ಪಾಠ. ಗೊಡವೆ ನನಗಲ್ಲದೆ ಇನ್ನಾರಿಗೆ?

ಕೆಲವು ವರ್ಷಗಳ ಹಿಂದೆ ಒಂದು ಪ್ರದರ್ಶನದಲ್ಲಿ ಎರಡು ರೈಲ್ವೆ ಸ್ಟೇಷನ್‌ಗಳು ಅಕ್ಕಪಕ್ಕ ಕುಳಿತಿದ್ದವು. ಒಂದು ಥರ್ಮೋಕೋಲಿನದು, ಮಿನುಗುವ ಕಾಗದ, ಬಣ್ಣದ ಬಲ್ಬು, ಪಕ್ಕದಲ್ಲಿ ಆಟಿಕೆಯ ರೈಲು. ಅದರ ಬಾಗಿಲು ರೈಲಿನ ಕಿಟಕಿಗಿಂತ ಕೆಳಗಿತ್ತು. ಟಿಕೆಟು ಬೇಕಾದ ಪ್ರಯಾಣಿಕ ತೆವಳಿಕೊಂಡೇ ಒಳಗೆ ಹೋಗಬೇಕು! ಇನ್ನೊಂದು ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ರಟ್ಟಿನಲ್ಲಿ ಮಾಡಿದ್ದು. ಬಲ್ಬಿಲ್ಲ, ಮಿನುಗಿಲ್ಲ. ಬಹುಮಾನ ಯಾವುದಕ್ಕೆ ಹೋಯಿತೆಂದು ಹೇಳಬೇಕಾಗಿಲ್ಲ.

ಸೋತ ಸ್ಟೇಷನ್ನಿನ ಕಥೆ ಕೇಳಿ. ಮಕ್ಕಳು ಮೊದಲು ನಿರ್ಧರಿಸಿದ್ದು ಪ್ರಮಾಣವನ್ನು: ನೂರಕ್ಕೆ ಒಂದು. ಒಂದು ಮೀಟರು ಅಂದರೆ ಒಂದು ಸೆಂಟಿಮೀಟರು. ನಮ್ಮ ಬ್ರಾಡ್‌ಗೇಜಿನ ಹಳಿಗಳ ಅಂತರ 1676 ಮಿ.ಮೀ.; ಮಾದರಿಯಲ್ಲಿ ಅದು ಹದಿನೇಳಕ್ಕೆ ತುಸು ಕಡಿಮೆ. ಸಾಮಾನ್ಯ ಬೋಗಿಯ ಉದ್ದ 21 ಮೀಟರಿಗೆ ಸ್ವಲ್ಪ ಹೆಚ್ಚು. ಮಾದರಿಯಲ್ಲಿ 21 ಸೆಂಟಿಮೀಟರು. ಎತ್ತರದ ಪ್ಲಾಟ್‌ಫಾರ್ಮು ಎಂಟು ಮಿ.ಮೀ. ಏಳಡಿಯ ಬಾಗಿಲು ಎರಡು ಸೆಂಟಿಮೀಟರಿಗೆ ಚೂರು ಮೇಲೆ.

ಆಮೇಲೆ ಮಾಡು. ಅಂಗಡಿಯ ರಟ್ಟಿನ ಪೆಟ್ಟಿಗೆಯ ಮೇಲ್ಪದರ ಕಿತ್ತರೆ ಏಣು ಏಣಾಗಿ ಹೆಂಚಿನಂತೆ ಕಾಣುತ್ತದೆಂದು ಒಬ್ಬ ಹುಡುಗ ಹೇಳಿದ. ಒಬ್ಬಳು ಹುಡುಗಿ ಎದ್ದುಹೋಗಿ ಶಾಲೆಯ ಹಿಂದೆ ಬಿದ್ದಿದ್ದ ಮಂಗಳೂರು ಹೆಂಚನ್ನು ಅಳೆದು ಬಂದಳು. ಅಗಲ ಸುಮಾರು 23 ಸೆಂಟಿಮೀಟರು. ಹಾಗಾದರೆ ಮಾದರಿಯಲ್ಲಿ 2.3 ಮಿ.ಮೀ. ಇರಬೇಕು, ಪೆಟ್ಟಿಗೆಯ ಏಣುಗಳ ಅಂತರ ಏಳು ಮಿ.ಮೀ.! ಮೂರು ಪಾಲು ದೊಡ್ಡ ಹೆಂಚು. ರಟ್ಟು ಬದಿಗೆ ಹೋಯಿತು. ದಪ್ಪ ಕಾಗದದ ಮೇಲೆ ಸ್ಕೇಲಿಟ್ಟು, ಮೊಂಡು ಸೂಜಿಯಲ್ಲಿ ಗೆರೆ ಒತ್ತಿ ಹೆಂಚಿನ ಸಾಲು ಮಾಡಿದರು. ಕಂಬಕ್ಕೆ ಹಿಡಿಸೂಡಿಯ ಕಡ್ಡಿ, ಪ್ಲಾಟ್‌ಫಾರ್ಮಿನ ಮಣ್ಣಿಗೆ ಮುರಕಲ್ಲಿನ ಹುಡಿ, ಅಂಟಿಗೆ ಮೈದಾ. ತಂದೆ ಮರದ ಕೆಲಸದವರಾಗಿದ್ದ ಒಬ್ಬಳು ಪಕ್ಕಾಸಿನ ಇಳಿಜಾರು ಎಷ್ಟಿರಬೇಕೆಂದು ಮನೆಯಲ್ಲಿ ಕೇಳಿಕೊಂಡು ಬಂದಳು. ತಂದೆಯ ಕಸುಬು ಶಾಲೆಯೊಳಗೆ ಗೌರವದಿಂದ ಬಂದದ್ದು ಅವಳಿಗೆ ಅಂದೇ ಮೊದಲಿರಬೇಕು.

ಈಗ ಆಕ್ಷೇಪಗಳು. "ನೋಡಲು ಚಂದ ಬೇಡವೇ?" ಬೇಕು. ಆದರೆ ಚಂದವೆಂದರೆ ಮಿನುಗೇ? 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಯಾವ ಜರಿ ಕಾಗದ ಅಂಟಿಸಿದ್ದಾರೆ? ಬಾವಿಯ ಆಳವನ್ನು ಕೋಲಿನ ಲೆಕ್ಕದಲ್ಲಿ ಹೇಳುವ ಊರಿನವರು ನಾವು. ಅಳತೆ ನಮಗೆ ಹೊರಗಿನಿಂದ ಬಂದದ್ದಲ್ಲ.

"ಇದೆಲ್ಲ ಆಟಿಕೆ, ಎಸ್ಸೆಸ್ಸೆಲ್ಸಿಗೆ ಉಪಯೋಗವಿಲ್ಲ" ಎನ್ನುವವರಿಗೆ ಒಂದು ಪ್ರಶ್ನೆ. ಉದ್ದ ನೂರು ಪಾಲು ಕುಗ್ಗಿದರೆ ಮಾಡಿನ ವಿಸ್ತೀರ್ಣ ಎಷ್ಟು ಕುಗ್ಗುತ್ತದೆ? ಹತ್ತು ಸಾವಿರ ಪಾಲು. ಕೋಣೆಯ ಘನ ಅಳತೆ? ಹತ್ತು ಲಕ್ಷ ಪಾಲು. ಕೈಯಲ್ಲಿ ಮಾಡಿದ ಮಗು ಇದನ್ನು ಮರೆಯುವುದಿಲ್ಲ. ಇನ್ನು ಆಟಿಕೆಯ ಮಾತು: ಜರ್ಮನಿಯ ಹ್ಯಾಂಬರ್ಗಿನಲ್ಲಿ 2001ರಲ್ಲಿ ತೆರೆದ ಪುಟಾಣಿ ರೈಲುಗಳ ಲೋಕವನ್ನು 1:87ರ ಪ್ರಮಾಣದಲ್ಲಿ ಕಟ್ಟಿದವರು ಬೆಳೆದ ಗಂಡಸರು, ಹೆಂಗಸರು. ನಮ್ಮ ಪುಣೆಯಲ್ಲೂ 1998ರಿಂದ ಜೋಶಿಯವರ ಪುಟಾಣಿ ರೈಲುಗಳ ಮ್ಯೂಸಿಯಂ ಇದೆ.

"ಬಡ ಮಕ್ಕಳು ಏನು ಮಾಡಬೇಕು?" ಈ ಪ್ರಶ್ನೆಯನ್ನು ಅಂಗಡಿಯ ಮಾದರಿಗೆ ಕೇಳಿ. ಬೀಡಿ ಕಟ್ಟಿ ಮಗಳನ್ನು ಓದಿಸುವ ತಾಯಿ ಎಲ್ಲಿಂದ ತರಬೇಕು ಸಿದ್ಧ ಮಾದರಿಗೆ ದುಡ್ಡು? ರಟ್ಟು, ಹಿಡಿಸೂಡಿ ಕಡ್ಡಿ, ಮುರಕಲ್ಲಿನ ಹುಡಿ ಎಲ್ಲರ ಅಂಗಳದಲ್ಲೂ ಇವೆ. ದುಡ್ಡಿರುವವನು ಗೆಲ್ಲುವ ವ್ಯವಸ್ಥೆಯನ್ನು ಕಟ್ಟಿಟ್ಟು ಬಡವರ ಹೆಸರಿನಲ್ಲಿ ಅದನ್ನು ಕಾಯುವುದು ಯಾವ ನ್ಯಾಯ? ಮೇಲಾಗಿ, ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು ಕೇಂದ್ರ ಸರಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಪರಿಸರ ದಿನದ ಭಾಷಣ ಮಾಡುವ ನಾವೇ ಅದಕ್ಕೆ ಶೀಲ್ಡು ಕೊಡುವುದೇ?

ನಮ್ಮ ಬೆಳ್ತಂಗಡಿಗೂ ಮೂಡುಬಿದಿರೆಗೂ ರೈಲು ಬಂದಿಲ್ಲ. ಬಂಟ್ವಾಳದ ದಾರಿಯಲ್ಲಿ ಹೋಗುವ ಮಂಗಳೂರು–ಹಾಸನ ಮಾರ್ಗ 1979ರಲ್ಲಿ ಮೀಟರ್‌ಗೇಜಾಗಿ ಆರಂಭವಾಗಿ, 1996ರಲ್ಲಿ ಗೇಜು ಬದಲಾವಣೆಗೆಂದು ನಿಂತು, ಪ್ರಯಾಣಿಕರನ್ನು ಮತ್ತೆ ಹತ್ತಿಸಿಕೊಂಡದ್ದು 2007ರ ಕೊನೆಗೆ. ಒಂದು ಮೀಟರಿನ ಹಳಿ 1.676 ಮೀಟರಾಗುವುದೆಂದರೆ ಸುರಂಗ, ಸೇತುವೆಗಳ ಮೇಲೆ ಎಂಥ ಕೆಲಸ ಬೀಳುತ್ತದೆಂದು ಅಳೆದು ಕಟ್ಟಿದ ಮಗುವಿಗೆ ತಿಳಿಯುತ್ತದೆ. ಕೊಂಡು ತಂದ ಮಗುವಿಗೆ ತಿಳಿಯುವುದು ಅಂಗಡಿಯ ದರ ಮಾತ್ರ. ಜೊತೆಗೆ, ತೀರ್ಪುಗಾರರ ಮುಂದೆ "ನಾನೇ ಮಾಡಿದ್ದು" ಎನ್ನಲು ಅಭ್ಯಾಸವಾಗುತ್ತದೆ. ಆ ಸುಳ್ಳಿಗೆ ಅಪ್ಪ ದುಡ್ಡು ಕೊಟ್ಟಿದ್ದಾನೆ, ಶಾಲೆ ಸರ್ಟಿಫಿಕೇಟು ಕೊಟ್ಟಿದೆ.

ನಾನು ಕೇಳುವುದು ಹೆಚ್ಚೇನಲ್ಲ. ಪ್ರತಿ ಮಾದರಿಯ ಪಕ್ಕದಲ್ಲಿ ಅದರ ಪ್ರಮಾಣವನ್ನೂ ಮಕ್ಕಳು ಅಳೆದ ಲೆಕ್ಕವನ್ನೂ ಬರೆದ ಒಂದು ಹಾಳೆ ಇರಲಿ. ತೀರ್ಪುಗಾರರ ಕೈಗೆ ಹೂಗುಚ್ಛದ ಜೊತೆ ಒಂದು ಸ್ಕೇಲನ್ನೂ ಕೊಡಿ. ಅವರು ಬಾಗಿಲನ್ನೊಮ್ಮೆ ಅಳೆದು, "ಇದು ಇಷ್ಟೇ ಯಾಕೆ?" ಎಂದು ಕೇಳಲಿ. ಉತ್ತರ ಕೊಟ್ಟ ಮಗುವಿಗೆ ಬಹುಮಾನ ಕೊಡಲಿ.